ಹಾಸ್ಟೆಲ್ ಗೇಟು ಮುಚ್ಚೋ ಹೊತ್ತು

ಮೊನ್ನೆ ಒಂದು ಎಂಜಿನಿಯರಿಂಗ್ ಕಾಲೇಜಿನ ಹಳೆ ವಿದ್ಯಾರ್ಥಿಗಳ ಕೂಟಕ್ಕೆ ಹೋಗಿದ್ದೆ. ಭಾಷಣ, ಸನ್ಮಾನ ಎಲ್ಲ ಮುಗಿದು ಜನ ಊಟದ ಪ್ಲೇಟು ಹಿಡಿದು ನಿಜವಾದ ಮಾತಿಗೆ ಇಳಿದಾಗ ಎಂಟು ಗಂಟೆ. ಲೇಡೀಸ್ ಹಾಸ್ಟೆಲ್ ಗೇಟು ಮುಚ್ಚೋದು ಎಂಟೂವರೆಗೆ. ಮೂರನೇ ವರ್ಷದ ಮೆಕ್ಯಾನಿಕಲ್ ಹುಡುಗಿಯೊಬ್ಬಳು ಇಂಟರ್ನ್‌ಶಿಪ್ ಬಗ್ಗೆ ಕೇಳ್ತಾ ಕೇಳ್ತಾನೇ ಗಡಿಯಾರ ನೋಡಿದಳು. "ಮೇಡಂ, ನಿಮ್ಮ ನಂಬರ್ ಕೊಡ್ತೀರಾ?" ಅಂದು, ಅರ್ಧ ತಿಂದ ಪ್ಲೇಟು ಇಟ್ಟು, ಸೀರೆ ನೆರಿಗೆ ಎತ್ತಿ ಹಿಡಿದು ಓಡಿದಳು. ಅವಳ ಕ್ಲಾಸಿನ ಹುಡುಗರು ಹತ್ತರವರೆಗೂ ಅಲ್ಲೇ ಇದ್ದರು. ಕೆಲಸದ ಸುಳಿವು ಸಿಗೋದೇ ಆ ಹೊತ್ತಿನಲ್ಲಿ.

ಅವಳು ಓಡಿದ್ದು ನೋಡಿ ಎ. ಲಲಿತಾ ನೆನಪಾದರು. 1940ರ ದಶಕದ ಆರಂಭದಲ್ಲಿ ಮದರಾಸಿನ ಗಿಂಡಿ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವರು. ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡಿದ್ದರು, ಪುಟ್ಟ ಮಗಳಿದ್ದಳು. ಜೊತೆಗೆ ಸಿವಿಲ್ ಓದಲು ಲೀಲಮ್ಮ ಜಾರ್ಜ್, ಪಿ.ಕೆ. ತ್ರೇಸಿಯಾ ಬಂದರು. ಮುಂದೆ 1964ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮಹಿಳಾ ಎಂಜಿನಿಯರ್ ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಲಲಿತಾ ಹೋಗಿದ್ದರು. ತಮ್ಮದೇ ಕಸುಬಿನ ಅಷ್ಟೊಂದು ಹೆಂಗಸರನ್ನು ಒಂದೇ ಸೂರಿನಡಿ ನೋಡಿದಾಗ ಏನನ್ನಿಸಿರಬೇಕು! ನೆನೆಸಿಕೊಂಡರೆ ಈಗಲೂ ಎದೆ ತುಂಬುತ್ತೆ.

ಕೂಟ ನಡೆಸೋರೇ, ದಯವಿಟ್ಟು ಮಧ್ಯಾಹ್ನವೇ ಇಡಿ. ನಾಲ್ಕು ಗಂಟೆಗೆ ಕಾಫಿ, ಮಂಡಕ್ಕಿ ಸಾಕು, ಊಟ ಬೇಡ. ಮೊದಲು ಹುಡುಗಿಯರು ಕೂತು ಮಾತಾಡಲಿ, ಸನ್ಮಾನ ಆಮೇಲಾಗಲಿ.

ಆ ಹುಡುಗಿ ಮಾರನೇ ದಿನವೇ ಮೆಸೇಜ್ ಮಾಡಿದಳು. ಈ ಶನಿವಾರ ಅವಳೂ ಅವಳ ಮೂವರು ರೂಮ್‌ಮೇಟುಗಳೂ ನಮ್ಮನೆಗೆ ಊಟಕ್ಕೆ ಬರ್ತಿದ್ದಾರೆ.