ಮನಿಗೇನ್ರಿ, ಕುದುರಿಗೇನ್ರಿ?

ಔರಾದಿನ ಅಡತಿಯಲ್ಲಿ ಕಡಲೆ ಕೇಳಿದರೆ ಮುನೀಮರು ತಕ್ಕಡಿ ಮುಟ್ಟುವ ಮೊದಲು ಒಂದು ಮಾತು ಕೇಳುತ್ತಾರೆ: “ಮನಿಗೇನ್ರಿ, ಕುದುರಿಗೇನ್ರಿ?” ಮನೆಗೆಂದರೆ ಗುಂಡನೆಯ ಕಾಳು. ಕುದುರೆಗೆಂದರೆ ಮುಕ್ಕು, ನುಚ್ಚು, ಜತೆಗೆ ಒಂದಿಷ್ಟು ಮಣ್ಣು. ನಾನು ಕುದುರೆಗೆ ಎಂದಾಗ ಪಕ್ಕದಲ್ಲಿ ಸೋಯಾಬೀನ್ ದರಕ್ಕಾಗಿ ಕಾಯುತ್ತ ಕೂತಿದ್ದ ಹುಡುಗನೊಬ್ಬ ಮೊಬೈಲಿನಿಂದ ತಲೆ ಎತ್ತಿದ. “ಕುದುರಿ ಇಟ್ಕೊಂಡು ಏನ್ ಮಾಡ್ತೀರಿ ಕಾಕಾ?”

ಪ್ರಶ್ನೆ ಸರಿಯಾದದ್ದೇ. ಡಾಬಕಾದ ಎರೆಹೊಲದಲ್ಲಿ ನನ್ನ ಬಿಜಲಿ ನೇಗಿಲು ಎಳೆಯುವುದಿಲ್ಲ, ಹಾಲು ಹಿಂಡಿಸಿಕೊಳ್ಳುವುದಿಲ್ಲ. ಟಾಂಗಾ ಓಡುತ್ತಿದ್ದ ರಸ್ತೆಯಲ್ಲೆಲ್ಲ ಈಗ ಆಟೋ. ನಾಯಿಯಾದರೆ ಕಾವಲಿಗೆ ಎಂದಾದರೂ ಹೇಳಬಹುದು. ಆದರೆ ಮೋತ್ಯಾ ಕಳ್ಳ ಬಂದರೆ ಬಾಲ ಅಲ್ಲಾಡಿಸಿ ಬಣವೆಯ ತನಕ ದಾರಿ ತೋರಿಸಿ ಬರುವ ಜಾತಿಯವ. ಹುಡುಗನ ಮುಖ ನೋಡಿ ನಕ್ಕು ಚೀಲ ಹೊತ್ತುಕೊಂಡು ಬಂದೆ. ಬಸ್ಸಿನಲ್ಲಿ ಕೂತ ಮೇಲೆ ತಲೆಯಲ್ಲಿ ತಿರುಗುತ್ತಿದ್ದದ್ದು ಅವನ ಪ್ರಶ್ನೆಯಲ್ಲ, ಮುನೀಮರದು. ಮನೆಗೊಂದು ಚೀಲ, ಕುದುರೆಗೊಂದು ಚೀಲ ಎನ್ನುವ ಈ ಭೇದ ನಮ್ಮ ಸೀಮೆಗೆ ಯಾವಾಗ ಬಂತು? ಐದೂವರೆ ನೂರು ವರ್ಷದ ಹಿಂದೆ ಇಲ್ಲಿ ಕುದುರೆಗೆ ಖಿಚಡಿ ಮಾಡಿ ಹಾಕುತ್ತಿದ್ದರು. ಅದೂ ಸಕ್ಕರೆ ಬೆರೆಸಿ, ತುಪ್ಪ ಬಿಟ್ಟು.

ಇದನ್ನು ಬರೆದಿಟ್ಟವನು ಅಫನಾಸಿ ನಿಕಿತಿನ್. ವೋಲ್ಗಾ ದಂಡೆಯ ತ್ವೇರ್ ಊರಿನ ವ್ಯಾಪಾರಿ. ನದಿಯ ಮೇಲೆ ದರೋಡೆಗೆ ಸಿಕ್ಕು, ಬರಿಗೈಲಿ ಊರಿಗೆ ಮರಳಲು ಮುಖವಿಲ್ಲದೆ ಮುಂದೆ ಮುಂದೆ ನಡೆದು, ಹೊರ್ಮುಜಿನಲ್ಲಿ ಹಡಗು ಹತ್ತಿ 1469ರ ಸುಮಾರಿಗೆ ಚೌಲ್ ಬಂದರಿನಲ್ಲಿ ಇಳಿದ. ಜತೆಗೆ ತಂದದ್ದು ಒಂದೇ ಒಂದು ಗಂಡುಕುದುರೆ. ಅದರ ಮೇಲೆ ನೂರು ರೂಬಲ್ ಬಿದ್ದಿತ್ತೆಂದು ತಾನೇ ಲೆಕ್ಕ ಬರೆದಿದ್ದಾನೆ. ಹಿಂದುಸ್ತಾನದಲ್ಲಿ ಕುದುರೆಗೆ ಬಂಗಾರದ ಬೆಲೆ ಎಂದು ಯಾರೋ ಕಿವಿಯೂದಿರಬೇಕು. ಜುನ್ನರದಲ್ಲಿ ಅಸದ್ ಖಾನನೆಂಬ ಅಧಿಕಾರಿ ಆ ಕುದುರೆಯನ್ನು ಕಸಿದುಕೊಂಡ. ಮತ ಬದಲಿಸಿದರೆ ಕುದುರೆಯೂ ಸಾವಿರ ಹೊನ್ನೂ ನಿನಗೆ, ಇಲ್ಲದಿದ್ದರೆ ಕುದುರೆಯೂ ಹೋಯಿತು, ನೀನೇ ಸಾವಿರ ಹೊನ್ನು ಕಟ್ಟು ಎಂದ. ನಾಲ್ಕು ದಿನದ ವಾಯಿದೆ. ಕಡೆಗೆ ಖುರಾಸಾನದ ಖ್ವಾಜಾ ಮುಹಮ್ಮದ್ ಎಂಬ ಪುಣ್ಯಾತ್ಮ ನಡುವೆ ಬಂದು ಖಾನನ ಮನಸ್ಸು ತಿರುಗಿಸಿ ಕುದುರೆ ಬಿಡಿಸಿಕೊಟ್ಟ. ಈ ಕಥೆಯನ್ನು ಇತಿಹಾಸದ ಮಾಸ್ತರರು ಮತಧರ್ಮದ ಕಥೆಯಾಗಿ ಹೇಳುತ್ತಾರೆ. ಕುದುರೆ ಸಾಕಿದವನು ಓದಿದರೆ ಬೇರೆಯೇ ತಿಳಿಯುತ್ತದೆ: ಆ ನಾಲ್ಕು ದಿನ ಕುದುರೆಗೆ ಹೊತ್ತಿಗೆ ಸರಿಯಾಗಿ ನೀರು ಕುಡಿಸಿದರೋ ಇಲ್ಲವೋ?

ಅಲ್ಲಿಂದ ಬೀದರಿಗೆ ಬಂದ. ಆಗ ಬೀದರಿನಲ್ಲಿ ಬಹಮನಿ ಸುಲ್ತಾನ ಮೂರನೆಯ ಮುಹಮ್ಮದ್ ಶಹಾ, ಅವನ ಹಿಂದೆ ಮಹಮೂದ್ ಗವಾನ್. ಗವಾನನೂ ಗೀಲಾನಿನಿಂದ ವ್ಯಾಪಾರಕ್ಕೆಂದೇ ಬಂದವನು. ಮಲಿಕ್-ಉತ್-ತುಜ್ಜಾರ್, ವರ್ತಕರ ದೊರೆ, ಎನ್ನುವ ಬಿರುದು ಹೊತ್ತವನು. ರಾತ್ರಿಯಾದರೆ ಕೋತವಾಲನ ಸಾವಿರ ಸವಾರರು ದೀವಟಿಗೆ ಹಿಡಿದು ಊರು ಕಾಯುತ್ತಿದ್ದರಂತೆ. ಬೀದರಿನಿಂದ ಆಚೆ ಆಳಂದದಲ್ಲಿ ವರ್ಷಕ್ಕೊಮ್ಮೆ ಹತ್ತು ದಿನದ ಸಂತೆ. ಅಲ್ಲಿಗೆ ಮಾರಾಟಕ್ಕೆ ಬರುತ್ತಿದ್ದ ಕುದುರೆಗಳು 20,000 ಎಂದು ಬರೆದಿದ್ದಾನೆ. ಎಣಿಸಿದನೋ ಗುಂಪು ನೋಡಿ ಬೆರಗಾದನೋ, ಆಳಂದದ ಮಂದಿ ಇವತ್ತು ಕೇಳಿದರೂ ಎದೆ ಉಬ್ಬಿಸುವ ಸಂಖ್ಯೆ. ಇಂಥ ಬೀದರಿಗೆ ಬಂದ ನಿಕಿತಿನ್ ಬಂದ ಕೂಡಲೇ ಕುದುರೆ ಮಾರಲಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಮಾರಿದ. ಅಷ್ಟರೊಳಗೆ ಒಂದು ವರ್ಷ ಅದಕ್ಕೆ ಮೇವು ಹಾಕಿ 68 ನಾಣ್ಯ ಕೈಬಿಟ್ಟಿತ್ತು ಎಂದು ಅದನ್ನೂ ಬರೆದ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಈ ಒಂದು ಸಾಲಿನಿಂದ. ಖರ್ಚು ಬರೆಯುತ್ತ ಬೈದುಕೊಳ್ಳುವುದು, ಬೈದುಕೊಳ್ಳುತ್ತಲೇ ಮರುದಿನ ಮತ್ತೆ ತೋಬರಾ ತುಂಬುವುದು. ಈ ರೋಗ ನನಗೂ ಇದೆ, ನನ್ನ ಮುತ್ಯಾಗೂ ಇತ್ತು.

ಖಿಚಡಿಗೆ ಬರೋಣ. ಈ ನಾಡಿನವರು ಕುದುರೆಗೆ ಕಡಲೆ ಹಾಕುತ್ತಾರೆ, ಖಿಚಡಿ ಬೇಯಿಸಿ ಸಕ್ಕರೆ, ತುಪ್ಪ ಬೆರೆಸಿ ತಿನ್ನಿಸುತ್ತಾರೆ ಎಂದು ಅವನು ಬರೆದದ್ದನ್ನು ಓದಿದ ಐತವಾರವೇ ನಾನು ಒಲೆ ಹಚ್ಚಿದೆ. ಹೆಸರುಬೇಳೆ, ಅಕ್ಕಿ, ಒಂದು ಹಿಡಿ ಸಕ್ಕರೆ. ತುಪ್ಪದ ಡಬ್ಬಿಗೆ ಕೈ ಹಾಕಿದಾಗ ಮನೆಯವಳು ಬಾಗಿಲಲ್ಲಿ ನಿಂತಿದ್ದಳು. “ನಮಗ ಒಂದಿನಾನೂ ಹಿಂಗ್ ಮಾಡಿ ಹಾಕಿಲ್ಲಲ್ರಿ” ಎಂದಳು. ಬಹಮನಿ ಕಾಲದ ಪದ್ಧತಿ ಎಂದು ವಿವರಿಸಿದೆ. ಬಹಮನಿ ಸುಲ್ತಾನರ ಬೇಗಮರು ಏನು ಉಣ್ಣುತ್ತಿದ್ದರು, ಅದನ್ನೂ ಆ ರಷ್ಯಾದವನು ಬರೆದಿದ್ದಾನೇನು ಎಂದು ಕೇಳಿದಳು. ಆರಿಸಿ ತಟ್ಟೆಗೆ ಹಾಕಿ ಇಟ್ಟರೆ ಬಿಜಲಿ ಮೂಸಿ, ತುಟಿ ಮೇಲೆತ್ತಿ ಹಲ್ಲು ತೋರಿಸಿ, ಕಣಿಕೆಯ ಕಡೆ ತಿರುಗಿದಳು. ಮೋತ್ಯಾ ಮಾತ್ರ ಇತಿಹಾಸಕ್ಕೆ ಮರ್ಯಾದೆ ಕೊಟ್ಟ. ತಟ್ಟೆ ನೆಕ್ಕಿ ಗೋಡೆಯ ತನಕ ಸರಿಸಿಕೊಂಡು ಹೋದ.

ನಿಕಿತಿನ್ ಮೇಲೆ ನನಗೆ ಎರಡು ತಕರಾರುಗಳಿವೆ. ಮೊದಲನೆಯದು, ಹಿಂದುಸ್ತಾನದಲ್ಲಿ ಕುದುರೆ ಹುಟ್ಟುವುದಿಲ್ಲ, ಎತ್ತು ಎಮ್ಮೆ ಮಾತ್ರ ಎಂದು ಬರೆದುಬಿಟ್ಟ. ಅರಬಸ್ತಾನದ ಕುದುರೆ ನೋಡಿದ ಕಣ್ಣಿಗೆ ನಮ್ಮ ಗಿಡ್ಡ ತಟ್ಟು ಕಾಣಲಿಲ್ಲವೋ ಏನೋ. ದಖ್ಖನಿನ ಈ ತಟ್ಟುಗಳ ಮೇಲೆಯೇ ಮುಂದೆ ಮರಾಠಾ ದಂಡು ನಡೆಯಿತು. 1760ರಲ್ಲಿ ಇಲ್ಲೇ ಗಡಿಯಾಚೆಯ ಉದಗೀರಿನಲ್ಲಿ ನಿಜಾಮನನ್ನು ಬಗ್ಗಿಸಿದ್ದು ಅವೇ. ಮರುವರ್ಷ ಪಾಣಿಪತ್ತಿಗೆ ಹೋಗಿ ಮಣ್ಣಾದವೂ ಅವೇ. ಭೀಮಥಡಿ ಎಂದು ಹೆಸರಾದ ಆ ತಳಿಯ ಬೆನ್ನ ಮೇಲೆ ಧನಗರರು ಇಂದಿಗೂ ಗಡಿಗೆ, ಕಂಬಳಿ, ಕೋಳಿ, ಕೂಸು ಎಲ್ಲ ಹೇರಿಕೊಂಡು ಕುರಿಯ ಹಿಂದೆ ನಡೆಯುತ್ತಾರೆ. ಸುಗ್ಗಿ ಮುಗಿದ ಮೇಲೆ ನಮ್ಮ ಹೊಲದಲ್ಲಿ ಮಂದೆ ತರುಬುತ್ತಾರೆ. ಆಗ ಬಿಜಲಿಯ ಕಿವಿ ನೆಟ್ಟಗಾಗಿ, ಕೆನೆದ ಕೆನೆತಕ್ಕೆ ಅರ್ಧ ಊರು ಹೊರಗೆ ಬರುತ್ತದೆ.

ಎರಡನೆಯದು ಮೋತ್ಯಾನ ಪರವಾಗಿ. ನಿಕಿತಿನ್ ಮಂಗಗಳ ಬಗ್ಗೆ ಬರೆದ, ಆನೆಯ ಬಗ್ಗೆ ಬರೆದ, ರಾತ್ರಿ ಮನೆ ಮೇಲೆ ಕೂತು ಕೂಗುವ ಗೂಬೆಯಂಥ ಹಕ್ಕಿಯ ಬಗ್ಗೆಯೂ ಬರೆದ. ನಾಯಿ ಬಂದದ್ದು ಬೈಗುಳವಾಗಿ. ಅಲ್ಲಿ ಸರಕು ಬೇಕಾದಷ್ಟಿದೆ ಎಂದು ಸುಳ್ಳು ಹೇಳಿ ತನ್ನನ್ನು ಇಷ್ಟು ದೂರ ನಡೆಸಿದ ವ್ಯಾಪಾರಿಗಳನ್ನು ನಾಯಿಗಳು ಎಂದು ಬೈದಿದ್ದಾನೆ. ಬೀದರಿನ ಇತಿಹಾಸದಲ್ಲಿ ನಾಯಿಯ ಹಣೆಬರಹವೇ ಹೀಗೆ. ಅಹಮದ್ ಶಹಾ ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದದ್ದಕ್ಕೆ ಹೇಳುವ ಕಥೆ ಗೊತ್ತೇ ಇದೆಯಲ್ಲ: ಬೇಟೆಗೆ ಬಂದಾಗ ನರಿಯೊಂದು ಓಡುವುದು ಬಿಟ್ಟು ಬೇಟೆನಾಯಿಗೇ ತಿರುಗಿಬಿತ್ತು, ಈ ಮಣ್ಣಿನಲ್ಲಿ ಗಂಡುಮೆಟ್ಟಿದೆ ಎಂದು ಸುಲ್ತಾನ ಇಲ್ಲೇ ಕೋಟೆ ಕಟ್ಟಿದ. ಹಂಪಿಯವರದೂ ಇದೇ ಕಥೆ, ನರಿಯ ಬದಲು ಮೊಲ. ಕೋಟೆ ಎದ್ದಿತು, ಶಹರು ಬೆಳೆಯಿತು, ಗವಾನನ ಮದರಸಾ ಬಂತು. ಸೋತ ನಾಯಿ ಮನೆಗೆ ಹೋಗಿ ಏನು ತಿಂದಿತು ಎಂದು ಕೇಳಿದವರಿಲ್ಲ.

ಕೇಳಿದವನು ಒಬ್ಬನೇ, ಮೈಲಾರ ಮಲ್ಲಣ್ಣ. ಭಾಲ್ಕಿ ತಾಲ್ಲೂಕಿನ ಖಾನಾಪುರದಲ್ಲಿ ಕೂತ ಈ ದೇವರಿಗೆ ಕುದುರೆಯೂ ಬೇಕು, ನಾಯಿಯೂ ಬೇಕು. ಮಣಿ ಮಲ್ಲಾಸುರರನ್ನು ಕೊಂದದ್ದು ಕುದುರೆ ಏರಿ, ನಾಯಿಯನ್ನು ಜತೆಗಿಟ್ಟುಕೊಂಡು. ಯುದ್ಧ ಮುಗಿದ ಮೇಲೂ ಎರಡನ್ನೂ ಬಿಡಲಿಲ್ಲ. ಒಬ್ಬ ಹೆಂಡತಿ ವ್ಯಾಪಾರಸ್ಥರ ಮನೆಯ ಮ್ಹಾಳಸಾ, ಇನ್ನೊಬ್ಬಳು ಕುರಿ ಕಾಯುವವರ ಬಾಣಾಯಿ. ಇಬ್ಬರ ಮನೆಗೂ ಎಡತಾಕುವವನಿಗೆ ಕುದುರೆಯಿಲ್ಲದೆ ನಡೆದೀತೆ? ಇದು ನನ್ನ ಮುತ್ಯಾನ ಪುರಾಣ, ಪುಸ್ತಕದ್ದಲ್ಲ. ಹೂವಿನಹಡಗಲಿ ಕಡೆಯ ಮೈಲಾರದಲ್ಲಿ ಗೊರವಯ್ಯಗಳು ಕಂಬಳಿ ಹೊದ್ದು, ದೋಣಿಯಲ್ಲಿ ಹಾಲು ತುಪ್ಪ ಬಾಳೆಹಣ್ಣು ಸುರಿಸಿಕೊಂಡು, ಮಂಡಿಯೂರಿ ಬೊಗಳುತ್ತ ಬಾಯಿ ಹಾಕಿ ಉಣ್ಣುತ್ತಾರೆ. ನಮ್ಮ ಕಡೆ ವಾಘ್ಯಾಗಳು. ದೇವರ ಮುಂದೆ ನಾಯಿಯಾಗಲು ಹರಕೆ ಹೊರುವ ಮಂದಿ ಇರುವ ನಾಡಿದು. ಚಂಪಾಷಷ್ಠಿಗೆ ನಮ್ಮ ಮನೆಯಲ್ಲಿ ಸಜ್ಜೆ ರೊಟ್ಟಿ, ಸುಟ್ಟ ಬದನೆಕಾಯಿ ಭರತ ಮಾಡಿ ಎಡೆ ಹಿಡಿದರೆ ಮೊದಲ ತುತ್ತು ಮೋತ್ಯಾನದು, ಎರಡನೆಯದು ಬಿಜಲಿಯದು. ಆಮೇಲೆ ಹಣೆಗೆ ಭಂಡಾರ ಹಚ್ಚಿಕೊಂಡು ನಾವು.

ಮುತ್ಯಾನ ಮಾತು ಬಂತು. ಅವನು ಕುದುರೆ ಕೊಳ್ಳುತ್ತಿದ್ದದ್ದು ನಾಂದೇಡ ಜಿಲ್ಲೆಯ ಮಾಳೇಗಾವದಲ್ಲಿ. ಅಲ್ಲಿಯದೂ ಇದೇ ದೇವರು, ಖಂಡೋಬಾ ಎನ್ನುತ್ತಾರೆ. ಕುದುರೆ, ಕತ್ತೆ, ಒಂಟೆ, ನಾಯಿ ಎಲ್ಲ ಸೇರುವ ಜಾತ್ರೆ. ಆದರೆ ದೇವರು ಅದಕ್ಕೆ ಆರಿಸಿಕೊಂಡ ಮುಹೂರ್ತ ನೋಡಿ: ಎಳ್ಳಮಾಸಿಯ ಹಿಂದಿನ ದಿನ ಶುರು. ಬೀದರ ಜಿಲ್ಲೆಯ ಯಾವ ಮನೆಯ ಗಂಡಸೂ ಊರು ಬಿಡಬಾರದ ದಿನವೊಂದಿದ್ದರೆ ಅದು ಎಳ್ಳಮಾಸಿ. ಹೊಲದಲ್ಲಿ ಚರಗ ಚೆಲ್ಲಬೇಕು, ಭಜ್ಜಿ, ಅಂಬಲಿ, ಕಡುಬು ಕಟ್ಟಿಕೊಂಡು ಬೀಗರು ಬರುತ್ತಾರೆ. ಆಯಿ ಮೂರು ದಿನ ಮೊದಲಿನಿಂದ ಭಜ್ಜಿಗೆ ಕಾಳು ಸೋಸುತ್ತ ಕೂತರೆ ಮುತ್ಯಾ ಪಟಕಾ ಸುತ್ತಿ, ಒಳಜೇಬಿನ ರೊಕ್ಕ ಮುಟ್ಟಿ ನೋಡಿಕೊಂಡು ಉದಗೀರಿನ ದಾರಿ ಹಿಡಿದಿರುತ್ತಿದ್ದ. “ಖಂಡೋಬಾನ ಹೆಣ್ತಿ ಹೆಂಗ್ ತಾಳ್ಕೊಂಡಾಳೋ” ಎಂದು ಆಯಿ ಬೈಯುತ್ತಿದ್ದದ್ದು ಮಾಳೇಗಾವಕ್ಕೇ ಕೇಳಿಸಬೇಕು.

ಜಾತ್ರೆಯಲ್ಲಿ ಅವನು ಮೊದಲ ದಿನ ಏನೂ ಕೊಳ್ಳುತ್ತಿರಲಿಲ್ಲ. ಸುಮ್ಮನೆ ಸುಳಿ ನೋಡುತ್ತ ತಿರುಗುವುದು. ಕುತ್ತಿಗೆಯಲ್ಲಿ ದೇವಮಣಿ ಇದ್ದರೆ ಮನೆಗೆ ಒಳ್ಳೆಯದು. ಬೇರೆ ಕೆಲವು ಸುಳಿಗಳ ಹೆಸರನ್ನು ಬಾಯಿಂದ ಆಡಲೂಬಾರದು. ಎರಡನೆಯ ದಿನ ಟವೆಲಿನಡಿ ಕೈ ಹಾಕಿ, ಬೆರಳು ಹಿಡಿದು ವ್ಯಾಪಾರ. ಬಾಯಲ್ಲಿ ಮಳೆ ಬೆಳೆಯ ಮಾತು, ಟವೆಲಿನಡಿ ಬೆರಳುಗಳ ಗುದ್ದಾಟ. ಒಂದು ಸಲ ಅವನು ಕುದುರೆ ಕೊಂಡು ಹೊರಟಾಗ ಯಾರದೋ ನಾಯಿಮರಿಯೊಂದು ಹಿಂದೆ ಬಂತು. ಎರಡು ಸಲ ತಿರುಗಿ ಬಿಟ್ಟುಬಂದ, ಕಲ್ಲು ತೋರಿಸಿದ. ಉದಗೀರಿನ ತನಕ ಬಂದ ಮೇಲೆ ಕುದುರೆಯ ಬೆನ್ನ ಮೇಲೆ ಕೂರಿಸಿಕೊಂಡ. ಲಾತೂರ, ಉದಗೀರ ಕಡೆಯ ಉದ್ದ ಮೂತಿಯ, ಒಣಕಲು ಹೊಟ್ಟೆಯ ಕಾರವಾನಿ ಜಾತಿಯದು. ಅದೇ ಜಾತಿ ಮುಧೋಳಕ್ಕೆ ಹೋದರೆ ಮುಧೋಳ ನಾಯಿ. ಸೈನ್ಯಕ್ಕೆ ಸೇರುತ್ತದೆ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಡಾಬಕಾಕ್ಕೆ ಬಂದರೆ ಮೋತ್ಯಾ. ಆ ಮೋತ್ಯಾನ ಮಗ, ಮೊಮ್ಮಗ, ಎಲ್ಲರ ಹೆಸರೂ ಮೋತ್ಯಾ.

ಬಿಜಲಿ ಮಾತ್ರ ಒಬ್ಬಳೇ. ನಸುಕಿನಲ್ಲಿ ನಾನು ಬಾಗಿಲು ತೆಗೆಯುವ ಸದ್ದಿಗೆ ಗ್ವಾದಲಿ ಒದೆಯುತ್ತಾಳೆ. ಲದ್ದಿ ಬಳಿದು, ಖರಾರ ಹೊಡೆದು, ತೋಬರಾ ಕಟ್ಟುತ್ತೇನೆ. ನೆನೆದ ಕಡಲೆ ಅವಳ ಹಲ್ಲಿನಲ್ಲಿ ನುರಿಯುವ ಸದ್ದು ಕೇಳುತ್ತ ಚಹಾ ಕುಡಿಯುವುದು ನನ್ನ ದಿನದ ಮುಖ್ಯ ಕೆಲಸ. ಇನ್ನುಳಿದದ್ದು ತೊಗರಿ, ಸೋಯಾ, ಬ್ಯಾಂಕಿನ ಕಂತು. ಆಮೇಲೆ ಜೀನಿಲ್ಲದೆ ಬೆನ್ನೇರಿ ಹೊಲದ ಸುತ್ತ ಒಂದು ಸುತ್ತು. ಹೆಸರು ಬಿಜಲಿಯಾದರೂ ನಡಿಗೆ ಲೋಡ್ ಶೆಡ್ಡಿಂಗಿನದು. ಮೋತ್ಯಾ ಮುಂದೆ ಓಡಿ, ತೊಗರಿ ಸಾಲಿನಲ್ಲಿ ಮಾಯವಾಗಿ, ಮೈಯೆಲ್ಲ ಇಬ್ಬನಿಯಾಗಿ ಬಂದು ಬಿಜಲಿಯ ಕಾಲಿಗೇ ಮೈ ಒರೆಸುತ್ತಾನೆ. ಕುದುರೆಯ ಮೇಲಿನ ಎತ್ತರದಿಂದ ನೋಡಿದರೆ ಸಾಲದ ಹೊಲವೂ ಚೆನ್ನಾಗಿ ಕಾಣುತ್ತದೆ. ಆ ಹುಡುಗನಿಗೆ ಇದನ್ನು ಅಡತಿಯಲ್ಲಿ ನಿಂತು ಹೇಳಿದ್ದರೆ ಸೋಯಾ ದರ ಕೇಳುವುದನ್ನು ಬಿಟ್ಟು ನನ್ನನ್ನು ದವಾಖಾನೆಗೆ ಕರೆದೊಯ್ಯುತ್ತಿದ್ದ.

ಅಪರೂಪಕ್ಕೆ ಬಿಜಲಿಯೂ ದುಡಿಯುತ್ತಾಳೆ, ಮದುವೆ ಬರಾತಿನಲ್ಲಿ. ಹೋದ ವರ್ಷ ಕಮಲನಗರದ ಕಡೆಯ ಮದುವೆಯೊಂದಕ್ಕೆ ಕರೆದಿದ್ದರು. ಬಾಸಿಂಗ ಕಟ್ಟಿಕೊಂಡ ವರ ಮೇಲೆ ಕೂತ, ಡೀಜೆ ಶುರುವಾಯಿತು, ಬಿಜಲಿ ನಿಂತಲ್ಲೇ ನಿಂತಳು. ಲಗಾಮು ಎಳೆದರೂ ಇಲ್ಲ, ಬೆಲ್ಲ ತೋರಿಸಿದರೂ ಇಲ್ಲ. ಅವಳಿಗೆ ಮುಂದೆ ಮೋತ್ಯಾ ಇರಬೇಕು. ಅವನನ್ನು ಟೆಂಪೋದಲ್ಲಿ ಕಟ್ಟಿಹಾಕಿದ್ದೆ. ಬಿಟ್ಟುಬಂದೆ. ವರನ ಸೋದರಮಾವ “ಬರಾತಿನ್ಯಾಗ ನಾಯಿ ಯಾಕ್ರಿ, ಅಪಶಕುನ” ಎಂದು ಅಡ್ಡ ಬಂದ. ಬಾಜಾದವರಲ್ಲಿ ಒಬ್ಬ ಮುದುಕ “ಮೈಲಾರಪ್ಪನ ಬರಾತ್ ನೋಡಿಲ್ಲೇನ್ರಿ?” ಎಂದು ಡೋಲಿಗೆ ಎರಡು ಏಟು ಹಾಕಿದ. ಹೆಂಗಸರಲ್ಲಿ ಯಾರೋ ಏಳುಕೋಟಿ ಎಂದು ಕೂಗಿಯೇಬಿಟ್ಟರು. ಮುಂದೆ ಮೋತ್ಯಾ, ಹಿಂದೆ ಬಿಜಲಿ, ಮೇಲೆ ಬೆವರುತ್ತಿದ್ದ ವರ. ವಿಡಿಯೋದವನು ವರನ ಮುಖಕ್ಕಿಂತ ನಾಯಿಯ ಮುಖವನ್ನೇ ಹೆಚ್ಚು ಹಿಡಿದ ಎಂದು ಆಮೇಲೆ ಬೀಗರಲ್ಲಿ ಸಣ್ಣ ಜಗಳವೂ ಆಯಿತಂತೆ.

ರೊಕ್ಕ ಎಣಿಸಿ ಕೊಡುವಾಗ ಅದೇ ಸೋದರಮಾವ ಕೇಳಿದ: “ಕುದುರಿದು ಇಷ್ಟಾತು. ನಾಯಿದು ಎಷ್ಟ್ರಿ?”

ಮೋತ್ಯಾನ ಪಾಲು ಆಗಲೇ ವಸೂಲಾಗಿತ್ತು. ಪೆಂಡಾಲಿನ ಹಿಂದೆ ಅಡಿಗೆಯವರ ಕಡಾಯಿ ಹತ್ತಿರ ಜಿಲೇಬಿ ತಿನ್ನುತ್ತಿದ್ದ.