ಮನೆಯ ಮಕ್ಕಳು, ಮನೆಯ ನಂಟರು

ಯೂರೋ ನೋಟಿನ ಹಿಂಬದಿಯಲ್ಲಿ ಯೂರೋಪು ಖಂಡದ ಭೂಪಟವೊಂದುಂಟು. ಅದರ ಅಂಚಿನಲ್ಲಿ, ಪುಟ್ಟ ಚೌಕಗಳೊಳಗೆ, ಆ ಖಂಡಕ್ಕೆ ಸೇರದ ಕೆಲವು ನೆಲಗಳನ್ನೂ ಬರೆದಿರುವರು. ಅವುಗಳಲ್ಲೊಂದು ಫ್ರೆಂಚ್ ಗಯಾನಾ. ಅದಿರುವುದು ದಕ್ಷಿಣ ಅಮೆರಿಕದಲ್ಲಿ, ಬ್ರೆಜಿಲಿನ ಮಗ್ಗುಲಲ್ಲಿ, ಪ್ಯಾರಿಸ್ ನಗರಕ್ಕೆ ಸುಮಾರು 7,000 ಕಿಲೋಮೀಟರು ದೂರದಲ್ಲಿ. ಆದರೂ ಶಾಸನದ ದೃಷ್ಟಿಯಲ್ಲಿ ಅದು ಐರೋಪ್ಯ ಒಕ್ಕೂಟದ ನೆಲವೇ ಸರಿ. ಭೂಗೋಳಶಾಸ್ತ್ರವು ಒಂದು ಬಗೆಯಾಗಿ ಹೇಳಿದರೆ ಒಡಂಬಡಿಕೆಯು ಇನ್ನೊಂದು ಬಗೆಯಾಗಿ ಹೇಳುತ್ತದೆ; ವ್ಯವಹಾರದಲ್ಲಿ ನಡೆಯುವುದು ಒಡಂಬಡಿಕೆಯ ಮಾತು.

ಈ ಒಕ್ಕೂಟದಲ್ಲಿ ಇಂದು 27 ರಾಷ್ಟ್ರಗಳಿವೆ. ಹಡಗುಗಳೂ ಸಾಮ್ರಾಜ್ಯಗಳೂ ಮೆರೆದ ಕಾಲದಿಂದ ಅವುಗಳಲ್ಲಿ ಕೆಲವಕ್ಕೆ ಕಡಲಾಚೆಯ ನೆಲಗಳು ಉಳಿದುಬಂದಿವೆ. ಅವಿಭಕ್ತ ಕುಟುಂಬದ ರೀತಿಯನ್ನು ಬಲ್ಲವರಿಗೆ ಇವುಗಳ ವ್ಯವಸ್ಥೆಯನ್ನು ತಿಳಿಯುವುದು ಕಷ್ಟವಲ್ಲ. ಕೆಲವು ಮನೆಯ ಮಕ್ಕಳು, ಕೆಲವು ನಂಟರು. ಗಯಾನಾ, ಮಾರ್ಟಿನಿಕ್, ರಿಯೂನಿಯನ್, ಅಜೋರ್ಸ್, ಮಡೀರಾ, ಕ್ಯಾನರಿ ಮೊದಲಾದ 9 ಪ್ರದೇಶಗಳು ಮಕ್ಕಳ ಸಾಲಿನವು. ಒಕ್ಕೂಟದ ಶಾಸನಗಳು, ಕೆಲವು ವಿನಾಯಿತಿಗಳೊಡನೆ, ಅಲ್ಲಿಯೂ ನಡೆಯುತ್ತವೆ. ಗ್ರೀನ್‌ಲೆಂಡ್, ನ್ಯೂ ಕ್ಯಾಲೆಡೋನಿಯಾ, ಆರೂಬಾ ಮುಂತಾದ 13 ನೆಲಗಳು ನಂಟರು; ಇವು ಒಕ್ಕೂಟದ ಒಳಗಿಲ್ಲ, ಆದರೆ ಸದಸ್ಯ ರಾಷ್ಟ್ರವೊಂದರ ಮೂಲಕ ಅದರೊಡನೆ ಬಾಂಧವ್ಯವನ್ನಿಟ್ಟುಕೊಂಡಿವೆ.

ಈ ಭೇದವು ಎಷ್ಟು ಸೂಕ್ಷ್ಮವೆಂಬುದಕ್ಕೆ ಕೆರಿಬಿಯನ್ ಸಮುದ್ರದ ಸೇಂಟ್ ಮಾರ್ಟಿನ್ ದ್ವೀಪವೇ ಸಾಕ್ಷಿ. ಸುಮಾರು 87 ಚದರ ಕಿಲೋಮೀಟರಿನ ಆ ಪುಟ್ಟ ನೆಲವನ್ನು ಫ್ರೆಂಚರೂ ಡಚ್ಚರೂ 1648ರಲ್ಲಿ ಹಂಚಿಕೊಂಡರು. ಉತ್ತರದ ಫ್ರೆಂಚ್ ಭಾಗ ಇಂದು ಒಕ್ಕೂಟದ ಒಳಗಿದೆ. ದಕ್ಷಿಣದ ಡಚ್ ಭಾಗ ಹೊರಗಿದೆ. ಒಂದೇ ರಸ್ತೆಯಲ್ಲಿ ನಡೆಯುತ್ತ ಮನುಷ್ಯನು ಯಾರ ಅಪ್ಪಣೆಯೂ ಇಲ್ಲದೆ ಒಕ್ಕೂಟದಿಂದ ಆಚೆಗೆ ಹೋಗಿ, ಸಂಜೆಯೊಳಗೆ ಮರಳಿ ಬರಬಹುದು. 2017ರಲ್ಲಿ ಇರ್ಮಾ ಚಂಡಮಾರುತವು ಬಂದೆರಗಿದಾಗ ಮಾತ್ರ ಅದು ಈ ಗೆರೆಯನ್ನು ಗಣಿಸದೆ ಎರಡು ಕಡೆಯ ಮನೆಗಳನ್ನೂ ಕೆಡವಿತು.

ಹಾಗಾದರೆ ಯಾವ ನೆಲವು ಮಗುವಾಗಬೇಕು, ಯಾವುದು ನಂಟನಾಗಬೇಕು ಎಂಬುದನ್ನು ನಿರ್ಣಯಿಸುವವರು ಯಾರು? ಕೆಲವೆಡೆ ಅಲ್ಲಿನ ಜನರೇ ನಿರ್ಣಯಿಸಿದ್ದುಂಟು. 1973ರಲ್ಲಿ ಡೆನ್ಮಾರ್ಕು ಅಂದಿನ ಐರೋಪ್ಯ ಸಮುದಾಯವನ್ನು ಸೇರಿದಾಗ ಗ್ರೀನ್‌ಲೆಂಡೂ ಅದರೊಡನೆ ಸೇರಬೇಕಾಯಿತು. ಅದರ ಹಿಂದಿನ ವರ್ಷದ ಮತದಾನದಲ್ಲಿ ಅಲ್ಲಿನ ಬಹುಸಂಖ್ಯಾತರು ಬೇಡವೆಂದಿದ್ದರೂ ಅದು ನಡೆಯಲಿಲ್ಲ. ಮೀನೇ ಅವರ ಜೀವನಾಧಾರ. ತಮ್ಮ ಕಡಲಿನಲ್ಲಿ ಪರರ ಹಡಗುಗಳು ಬಲೆ ಬೀಸುವುದನ್ನು ಅವರು ಸಹಿಸಲಾರದಾದರು. 1979ರಲ್ಲಿ ಸ್ವಯಮಾಡಳಿತ ದೊರೆಯಿತು. 1982ರಲ್ಲಿ ಪುನಃ ಮತವೆತ್ತಿ, 1985ರ ಫೆಬ್ರವರಿ 1ರಂದು ಅವರು ಹೊರಬಂದರು. ಮನೆ ಬಿಟ್ಟರೂ ನಂಟು ಬಿಡಲಿಲ್ಲ. ಅಂದಿನಿಂದ ಅವರ ಕಡಲಿನಲ್ಲಿ ಮೀನು ಹಿಡಿಯಬೇಕಾದರೆ ಒಕ್ಕೂಟವು ಹಣ ತೆರಬೇಕು. ಹಿಂದೂ ಮಹಾಸಾಗರದ ಮಾಯೋಟ್ ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿಯಿತು. 2009ರಲ್ಲಿ ಅಲ್ಲಿ ಮತ ಹಾಕಿದವರಲ್ಲಿ ಬಹುತೇಕರು ಫ್ರಾನ್ಸಿನ ಪೂರ್ಣ ಅಂಗವಾಗಬೇಕೆಂದರು; 2014ರಲ್ಲಿ ಆ ದ್ವೀಪವು ಮಕ್ಕಳ ಸಾಲಿಗೆ ಸೇರಿತು. ನೆರೆಯ ಕೊಮೊರೋಸ್ ರಾಷ್ಟ್ರವು ಅದನ್ನು ತನ್ನದೆನ್ನುವುದನ್ನು ಇಂದಿಗೂ ಬಿಟ್ಟಿಲ್ಲ.

ಎಲ್ಲರಿಗೂ ಇಂತಹ ಭಾಗ್ಯವಿಲ್ಲ. 2016ರಲ್ಲಿ ಬ್ರಿಟನ್ನು ಒಕ್ಕೂಟವನ್ನು ಬಿಡಬೇಕೆ ಎಂದು ಮತವೆತ್ತಿದಾಗ ಅದರ ಕಡಲಾಚೆಯ ನೆಲಗಳ ಪೈಕಿ ಜಿಬ್ರಾಲ್ಟರಿನವರಿಗೆ ಮಾತ್ರ ಮತವಿತ್ತು. ಅಲ್ಲಿ ಮತ ಹಾಕಿದವರಲ್ಲಿ ನೂರಕ್ಕೆ 96 ಮಂದಿ ಉಳಿಯೋಣವೆಂದರು, ಆದರೂ ಹೊರಡಬೇಕಾಯಿತು. ಉಳಿದ 12 ನೆಲಗಳ ನಂಟು, ಅಲ್ಲಿಯವರನ್ನು ಒಂದು ಮಾತೂ ಕೇಳದೆಯೇ ಹರಿಯಿತು. ಫಾಕ್‌ಲೆಂಡ್ ದ್ವೀಪಗಳವರು ಸ್ಪೇನಿಗೆ ಕಳುಹಿಸುವ ಸ್ಕ್ವಿಡ್ಡಿಗೆ—ನಮ್ಮ ಕರಾವಳಿಯವರ ಬೊಂಡಾಸಕ್ಕೆ—2021ರಿಂದ ಸುಂಕ ಬಿದ್ದಿತು. ಯಜಮಾನನು ದಾಯಾದಿಗಳೊಡನೆ ಮುನಿದು ಮನೆ ಬಿಟ್ಟರೆ, ಅವನನ್ನು ನಂಬಿದ ನಂಟನಿಗೂ ಆ ಮನೆಯ ಬಾಗಿಲು ಮುಚ್ಚುವುದು ಲೋಕದಲ್ಲಿ ಹೊಸದಲ್ಲ.

ನಾಡುಗಳು ಕೂಡಿ ಬಾಳುವುದು ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ಯಾರು ಒಳಗಿರಬೇಕು, ಯಾರು ಹೊರಗಿರಬೇಕು ಎಂಬುದರಲ್ಲಿಯೂ ಒಂದೇ ನಿಯಮವಿರಬೇಕಾದುದಿಲ್ಲ. ಗ್ರೀನ್‌ಲೆಂಡಿಗೆ ಹೊರಗು ಹಿತವಾಯಿತು, ಮಾಯೋಟಿಗೆ ಒಳಗು ಹಿತವೆನಿಸಿತು. ಆದರೆ ಸಾವಿರಾರು ಮೈಲಿಗಳಾಚೆ, ಬಂದರಿನಲ್ಲಿ ಬಲೆ ಹೊಲಿಯುತ್ತ ಕುಳಿತವನ ಅನ್ನಕ್ಕೆ ಸಂಬಂಧಿಸಿದ ತೀರ್ಮಾನವನ್ನು ರಾಜಧಾನಿಯಲ್ಲಿ ಮಾಡುವಾಗ, ಮೊದಲು ಅವನನ್ನು ಕೇಳಬೇಕು. ಅವನು ಮಗನಾದರೂ ಸರಿ, ನಂಟನಾದರೂ ಸರಿ, ಕೇಳುವುದು ಹಿರಿಯರ ಧರ್ಮ.