ಸಸಿಹಿತ್ಲಿನ ಅಲೆಗಳು

ಜೋಗುಪಾಳ್ಯದ ಮಾಳಿಗೆಗಳಲ್ಲಿ ಗಾಳಿಪಟ ಹಾರಿಸಿದ ನನ್ನ ಹಳೆಯ ವಿದ್ಯಾರ್ಥಿಗಳೇ, ಪಟದ ದಾರವನ್ನು ಸೊಂಟದ ಪಟ್ಟಿಗೆ ಬಿಗಿದು, ಹಲಗೆಯ ಮೇಲೆ ನಿಂತು ಕಡಲಿನಲ್ಲಿ ಧಾವಿಸುವ ಕ್ರೀಡೆಯೊಂದಿದೆ: ಕೈಟ್‌ಸರ್ಫಿಂಗ್. ಭೂಗೋಳದ ಪಾಠದಲ್ಲಿ ನೀವು ಓದಿದ ವಾಣಿಜ್ಯ ಮಾರುತಗಳು ಬೀಸುವ ಕೆರಿಬಿಯನ್ ದ್ವೀಪಗಳಲ್ಲಿ ಅದು ಬಲು ಜನಪ್ರಿಯ. ನಮ್ಮ ಮೂಲ್ಕಿಯ ಆಸುಪಾಸಿನಲ್ಲಿ ಬೇರೂರಿರುವುದು ಪಟವಿಲ್ಲದೆ, ಅಲೆಯನ್ನೇ ನೆಚ್ಚಿದ ಸರ್ಫಿಂಗ್.

ಕಳೆದ ಬೇಸಿಗೆಯಲ್ಲಿ ಮೊಮ್ಮಗಳೊಡನೆ ಅಲ್ಲಿಯ ಸಸಿಹಿತ್ಲಿಗೆ ಹೋಗಿದ್ದೆ. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ತಾಣವದು. 2016ರ ಮೇ ತಿಂಗಳಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದದ್ದೂ ಅಲ್ಲಿಯೇ. ಮೊಮ್ಮಗಳು ಹತ್ತು ಸಲ ಬಿದ್ದು, ಹನ್ನೊಂದನೆಯ ಸಲ ಹಲಗೆಯ ಮೇಲೆ ನಿಂತಳು. (ಅವಳಜ್ಜಿಯ ಹಟವೇ ಬಂದಿದೆ!)

ನನ್ನ ಕಣ್ಣು ಮಾತ್ರ ಹೊಳೆಯತ್ತಲೇ ಇತ್ತು. ನೀರಿಳಿದ ಹೊತ್ತಿನಲ್ಲಿ ಹೆಂಗಸರು ಸೊಂಟಮಟ್ಟ ಇಳಿದು, ಕೆಸರಿನಲ್ಲಿ ತಡಕಿ, ಮರುವಾಯಿ ಚಿಪ್ಪುಗಳನ್ನು ಆರಿಸುತ್ತಿದ್ದರು. ದಡಕ್ಕೆ ಬಂದ ಹಿರಿಯಾಕೆಯೊಬ್ಬರೊಡನೆ ಮಾತಿಗಿಳಿದೆ. ಕಡಲು ಎಷ್ಟು ಚೆಂದವೆಂದೆ.

"ಮಳೆಗಾಲದಲ್ಲಿ ಬನ್ನಿ ಮಾಷ್ಟ್ರೇ, ನೀವು ಕೂತ ಜಾಗ ಉಂಟಾ ನೋಡುವ," ಎಂದರು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಕಡಲೇ ದಡವನ್ನು ಕೊರೆಯುತ್ತ ತೆಂಗಿನ ಬುಡಕ್ಕೆ ಬರುತ್ತದೆ.

ಅಷ್ಟರಲ್ಲಿ ಮೊಮ್ಮಗಳು ಓಡಿಬಂದಳು. ಆಕೆ ಅವಳ ಒದ್ದೆ ಅಂಗೈಯಲ್ಲಿ ಒಂದು ಚಿಪ್ಪನ್ನಿಟ್ಟು, ಬುಟ್ಟಿಯೊಡನೆ ಹೊಳೆಗೆ ಮರಳಿದರು.